ಕೂಟದ ರುಚಿ ಹತ್ತಿದವರಿಗೆ ಜೊತೆ ಎಲ್ಲಿ?

ಪ್ರಶ್ನೆ: ನನಗೆ 28 ವರ್ಷ. ಊರು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಬೆಂಗಳೂರಿನ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಹಾಸ್ಟೆಲಿನಲ್ಲಿದ್ದಾಗ ಸಿದ್ದಾಪುರದ ಗೆಳತಿಯೊಬ್ಬಳು ಕೇಳಿಸಿದ ತಾಳಮದ್ದಳೆ, ಅಂದರೆ ಯಕ್ಷಗಾನದ ಕಥೆಯನ್ನು ವೇಷ, ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಕೂಟ, ನನ್ನನ್ನು ಹಿಡಿದುಕೊಂಡಿತು. ಆರು ವರ್ಷಗಳಿಂದ ಬಸ್ಸಿನಲ್ಲಿ ಹೋಗುವಾಗ ಬರುವಾಗ ಅದನ್ನೇ ಕೇಳುತ್ತೇನೆ. ಗೆಳತಿ ಈಗ ವಿದೇಶದಲ್ಲಿದ್ದಾಳೆ. ಕಚೇರಿಯಲ್ಲಿ ಯಾರಿಗೂ ಇದರ ಹೆಸರೇ ಗೊತ್ತಿಲ್ಲ. ಅಮ್ಮ ‘ಇದೇನು, ಹರಿಕಥೆಯೇ?’ ಎನ್ನುತ್ತಾರೆ. ಕರಾವಳಿಯ ಸಹೋದ್ಯೋಗಿಯೊಬ್ಬರಿಗೆ ಹೇಳಿದರೆ ‘ನಿಮಗೆ ಅರ್ಥವಾಗುತ್ತದೆಯೇ?’ ಎಂದು ಅಚ್ಚರಿಪಟ್ಟರು. ನನ್ನನ್ನು ನೋಡಲು ಬಂದ ಹುಡುಗ ಹವ್ಯಾಸ ಕೇಳಿದಾಗ ಸಿನಿಮಾ, ಪ್ರವಾಸ ಎಂದು ಹೇಳಿ ಸುಮ್ಮನಾದೆ. ಇದನ್ನು ಇತರರಿಗೆ ತಿಳಿಸುವುದು ಹೇಗೆ? ಜೊತೆಗೆ ಕೇಳುವವರನ್ನು ಹುಡುಕುವುದು ಹೇಗೆ? ಎಲ್ಲಕ್ಕಿಂತ ಹೆಚ್ಚಾಗಿ, ನಾನು ಬೇರೆಯವಳೆಂದು ತೋರಿಸಿಕೊಳ್ಳುವ ಆಸೆಯಿಂದ ಇದನ್ನು ಹಿಡಿದುಕೊಂಡಿದ್ದೇನೆಯೇ ಎಂಬ ಅನುಮಾನವೂ ಇದೆ.

ಉತ್ತರ: ನೀವು ಕೇಳಿದ ಮೂರು ಪ್ರಶ್ನೆಗಳಲ್ಲಿ ಕೊನೆಯದನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಆ ಅನುಮಾನ ಹಾಗೆಯೇ ಉಳಿದರೆ ಮಿಕ್ಕ ಎರಡಕ್ಕೆ ನಾನು ಏನು ಹೇಳಿದರೂ ಅದು ನಿಮ್ಮ ಮನಸ್ಸಿಗೆ ಹತ್ತುವುದಿಲ್ಲ. ತೋರಿಸಿಕೊಳ್ಳಬೇಕಾದರೆ ನೋಡುವವರು ಇರಬೇಕು. ನೀವು ಆರು ವರ್ಷ ಬಸ್ಸಿನ ಗದ್ದಲದಲ್ಲಿ, ಕಿವಿಯೊಳಗೆ, ಯಾರಿಗೂ ಕೇಳಿಸದಂತೆ ಕೂಟ ಕೇಳಿದ್ದೀರಿ. ಹವ್ಯಾಸ ಏನೆಂದು ಕೇಳಿದವರ ಮುಂದೆಯೂ ಅದನ್ನು ಬಚ್ಚಿಟ್ಟಿದ್ದೀರಿ. ಬೇರೆಯವಳಾಗಿ ಕಾಣುವ ಆಸೆಯಿದ್ದವರು ಹುಡುಗ ನೋಡಲು ಬಂದ ದಿನ ಸಿನಿಮಾ, ಪ್ರವಾಸ ಎಂದು ಹೇಳಿ ಮುಗಿಸುತ್ತಿರಲಿಲ್ಲ. ನಿಮಗಿರುವುದು ನಿಜವಾದ ರುಚಿ. ಅದನ್ನು ಹಂಚಿಕೊಳ್ಳಲು ಜನರಿಲ್ಲದೆ ಅದರ ಮೇಲೆಯೇ ನಿಮಗೆ ಸಂಶಯ ಹುಟ್ಟಿದೆ. ನಾಲ್ಕು ದಶಕ ಕಾಲೇಜಿನಲ್ಲಿ ಕನ್ನಡ ಕಲಿಸುತ್ತ, ಮಳೆಗಾಲದ ರಾತ್ರಿಗಳಲ್ಲಿ ಕೂಟಗಳಲ್ಲಿ ಪಾತ್ರವಾಗಿ ಕುಳಿತು ಅರ್ಥ ಹೇಳುತ್ತ ಬಂದ ನನಗೆ ಈ ಸಂಶಯ ಚೆನ್ನಾಗಿ ಪರಿಚಯವಿದೆ. ಮೈಸೂರಿನಲ್ಲಿ ಓದುತ್ತಿದ್ದಾಗ, ಸಹಪಾಠಿಗಳು ಕ್ರಿಕೆಟ್ ವೀಕ್ಷಕ ವಿವರಣೆ ಕೇಳುವ ಹೊತ್ತಿನಲ್ಲಿ ಮಂಗಳೂರು ಆಕಾಶವಾಣಿಯ ಯಕ್ಷಗಾನ ಸಿಕ್ಕೀತೇ ಎಂದು ರೇಡಿಯೋದ ಕಿವಿ ತಿರುಗಿಸುತ್ತ ಕುಳಿತಿದ್ದವನು ನಾನು. ಆ ಕೇಂದ್ರ ಆರಂಭವಾದದ್ದು 1976ರಲ್ಲಿ. ಅದರ ಅಲೆ ಘಟ್ಟ ಹತ್ತಿ ಮೈಸೂರಿಗೆ ಬರುವಷ್ಟರಲ್ಲಿ ಗರಗರ ಸದ್ದೇ ಹೆಚ್ಚಾಗಿ, ಮಾತು ನಡುನಡುವೆ ಮಾತ್ರ ಕೇಳಿಸುತ್ತಿತ್ತು. ಅದನ್ನು ಕೂಡ ನಾನು ಯಾರಿಗೂ ಹೇಳಿರಲಿಲ್ಲ.

ಈ ಕಲೆಯನ್ನು ಜನ ಏಕೆ ಗುರುತಿಸುವುದಿಲ್ಲ ಎಂಬುದಕ್ಕೆ ಅದರ ಸ್ವರೂಪದಲ್ಲಿಯೇ ಕಾರಣಗಳಿವೆ. ಅವುಗಳನ್ನು ತಿಳಿದರೆ ಗುರುತಿಸದವರ ಮೇಲೆ ಬೇಸರವೂ ಕಡಿಮೆಯಾಗುತ್ತದೆ. ಯಕ್ಷಗಾನ ಎಂದರೆ ಕನ್ನಡ ನಾಡಿನಲ್ಲಿ ಬಹುಪಾಲು ಜನರ ಕಣ್ಣಿಗೆ ಬರುವುದು ಕಿರೀಟ, ಬಣ್ಣ ಬಳಿದ ಮುಖ, ಗಿರಕಿ ಹೊಡೆಯುವ ವೇಷ. ಸರ್ಕಾರದ ಜಾಹೀರಾತಿನಲ್ಲಿಯೂ ವಿಮಾನ ನಿಲ್ದಾಣದ ಗೋಡೆಯಲ್ಲಿಯೂ ಇರುವುದು ಅದೇ ಚಿತ್ರ. ತಾಳಮದ್ದಳೆ ಅದೇ ಯಕ್ಷಗಾನದ ಪ್ರಸಂಗವನ್ನು (ಪದಗಳಲ್ಲಿ ಬರೆದ ಕಥೆಯನ್ನು) ಇಟ್ಟುಕೊಂಡು ಕಿರೀಟವನ್ನೂ ಬಣ್ಣವನ್ನೂ ಕುಣಿತವನ್ನೂ ತೆಗೆದುಬಿಡುತ್ತದೆ. ಉಳಿಯುವುದು ನಡುವೆ ಪದ ಹಾಡುವ ಭಾಗವತರು, ಮದ್ದಳೆ, ಚಂಡೆ. ಎರಡೂ ಬದಿಗೆ ಪಂಚೆ ಉಟ್ಟು ಶಾಲು ಹೊದ್ದು ಕುಳಿತ ನಾಲ್ಕಾರು ಜನ. ಇದರ ಫೋಟೋ ನೋಡಿದವರು ಯಾವುದೋ ಸಂಘದ ವಾರ್ಷಿಕ ಸಭೆ ಎಂದುಕೊಂಡರೆ ಅವರ ತಪ್ಪಿಲ್ಲ. ಹೆಸರು ಕೂಡ ದಾರಿ ತಪ್ಪಿಸುತ್ತದೆ: ಎರಡು ವಾದ್ಯಗಳ ಹೆಸರು ಹೊತ್ತ ಈ ಕಲೆಯ ಜೀವ ಇರುವುದು ಮಾತಿನಲ್ಲಿ. ಭಾಗವತರು ಒಂದು ಪದ ಹೇಳಿದ ಮೇಲೆ ಆ ಪಾತ್ರಧಾರಿ ಅದರ ಅರ್ಥವನ್ನು ಅಲ್ಲೇ, ಆಗಲೇ, ಬರೆದುಕೊಳ್ಳದೆ, ಆ ಪಾತ್ರವೇ ಆಗಿ ಆಡಬೇಕು. ಎದುರು ಕುಳಿತವರು ಅದನ್ನು ಹಿಡಿದು ಮರುಮಾತು ಕೊಡಬೇಕು. ಈ ಕ್ರಿಯೆ ಕಣ್ಣಿಗೆ ಕಾಣುವಂಥದ್ದಲ್ಲ. ಅರ್ಧ ನಿಮಿಷದ ತುಣುಕಿನಲ್ಲಿ ತೋರಿಸಿ ‘ನೋಡಿ, ಎಷ್ಟು ಚೆಂದ’ ಎನ್ನಲಾಗದ ಕಲೆ ಇದು, ಏಕೆಂದರೆ ಒಬ್ಬ ಒಳ್ಳೆಯ ಅರ್ಥಧಾರಿಯ (ಹೀಗೆ ಅರ್ಥ ಹೇಳುವವನ) ಪೀಠಿಕೆಯೇ ಇಪ್ಪತ್ತು ನಿಮಿಷ ಹಿಡಿಯುತ್ತದೆ, ಅದರಲ್ಲಿ ಅವನು ಬಿತ್ತಿದ ಮಾತು ಫಲ ಕೊಡುವುದು ಇನ್ನೊಂದು ಗಂಟೆಯ ಮೇಲೆ.

ಕಾಲ ಮತ್ತು ಸ್ಥಳದ ಮಿತಿಯೂ ಉಂಟು. ಕರಾವಳಿಯಲ್ಲಿ ಬೇಸಗೆ ಮುಗಿದು ಪತ್ತನಾಜೆ ಬಂದಾಗ, ಅಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ, ಯಕ್ಷಗಾನ ಮೇಳಗಳು ಆಟ ನಿಲ್ಲಿಸಿ ಗೆಜ್ಜೆ ಬಿಚ್ಚುತ್ತವೆ; ಮತ್ತೆ ಆಟ ಹೊರಡುವುದು ದೀಪಾವಳಿಯ ಸುಮಾರಿಗೆ. ನಡುವಿನ ಮಳೆಗಾಲದಲ್ಲಿ, ಬಯಲಲ್ಲಿ ರಂಗಸ್ಥಳ ಹಾಕಲಾಗದ ದಿನಗಳಲ್ಲಿ, ದೇವಸ್ಥಾನದ ಚಾವಡಿಯಲ್ಲಿಯೋ ಮನೆಯ ಜಗಲಿಯಲ್ಲಿಯೋ ಕೂಟಗಳು ನಡೆಯುತ್ತಿದ್ದವು. ಈಗ ವರ್ಷವಿಡೀ ನಡೆಯುತ್ತವೆಯಾದರೂ ಸುಗ್ಗಿ ಆಷಾಢ, ಶ್ರಾವಣಗಳೇ. ಹೀಗೆ ಮಳೆ, ಅಡಿಕೆ ತೋಟ, ಒಳಗೆ ಕುಳಿತು ಕಳೆಯಬೇಕಾದ ಉದ್ದ ರಾತ್ರಿ ಇವುಗಳ ನಡುವೆ ಬೆಳೆದ ಕಲೆಯನ್ನು ಇದಾವುದೂ ಇಲ್ಲದ ಊರಿನವರು ಅರಿಯದಿದ್ದರೆ ಅದು ಸಹಜ. ಆದರೂ ಒಂದು ಸಂಗತಿಯನ್ನು ನೀವು ತಿಳಿದಿರಬೇಕು. ಬಳ್ಳಾರಿ ಸೀಮೆಯ ಕುರುಗೋಡಿನಲ್ಲಿ 1556ರ ಶಾಸನವೊಂದಿದೆ. ತಾಳಮದ್ದಳೆಯವರಿಗೆ ಭೂಮಿ ದತ್ತಿ ಕೊಟ್ಟದ್ದನ್ನು ಅದು ಹೇಳುತ್ತದೆ. ಆ ಕಾಲದ ತಾಳಮದ್ದಳೆ ಇಂದಿನ ಕೂಟದ ಹಾಗೆಯೇ ಇತ್ತೆಂದು ನಾನು ವಾದಿಸುವುದಿಲ್ಲ. ಆದರೆ ಇಂದು ‘ಅದು ಕರಾವಳಿಯವರದ್ದು’ ಎಂದು ಕೈತೊಳೆದುಕೊಳ್ಳುವ ಹೆಸರು ಒಂದು ಕಾಲಕ್ಕೆ ಬಯಲುಸೀಮೆಯ ಕಲ್ಲಿನ ಮೇಲೆ ಕೆತ್ತಿಸಿಕೊಳ್ಳುವಷ್ಟು ಬಳಕೆಯಲ್ಲಿತ್ತು.

ನಿಮ್ಮ ಸಹೋದ್ಯೋಗಿ ಕೇಳಿದ ‘ನಿಮಗೆ ಅರ್ಥವಾಗುತ್ತದೆಯೇ’ ಎಂಬ ಮಾತಿಗೂ ಇಲ್ಲಿಯೇ ಉತ್ತರ ಹೇಳಿಬಿಡುತ್ತೇನೆ. ಅವರು ಕೆಟ್ಟ ಮನಸ್ಸಿನಿಂದ ಕೇಳಿರಲಾರರು; ತಮ್ಮ ಮನೆಯ ಅಡುಗೆಯನ್ನು ಹೊರಗಿನವರು ಮೆಚ್ಚಿ ಉಂಡಾಗ ಆಗುವ ಬೆರಗು ಅದು. ಆದರೂ ಒಂದನ್ನು ಗಮನಿಸಿ. ಕೂಟದಲ್ಲಿ ಆಡುವ ಕನ್ನಡ ಕರಾವಳಿಯ ಯಾರ ಮನೆಮಾತೂ ಅಲ್ಲ. ಅರ್ಥ ಹೇಳುವವರು, ಕೇಳುವವರು ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮಲಯಾಳ, ಮರಾಠಿ, ಬ್ಯಾರಿ ಹೀಗೆ ನಾನಾ ನುಡಿಗಳನ್ನು ಆಡುವವರು. ರಾಮಾಯಣದ ಪ್ರಸಂಗಗಳಿಂದ ಪ್ರಸಿದ್ಧನಾದ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕಾಸರಗೋಡಿನ ಕುಂಬಳೆ 1956ರಿಂದ ಕೇರಳಕ್ಕೆ ಸೇರಿದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಮಹಾ ಅರ್ಥಧಾರಿಯ ನೆಲವೂ ಅದೇ ಕಾಸರಗೋಡು. ಹಾಗಿದ್ದ ಮೇಲೆ ಅಲ್ಲಿ ಆಡುವ ಆ ಗ್ರಾಂಥಿಕ ಕನ್ನಡ ಎಲ್ಲಿಂದ ಬಂತು? ಕುಮಾರವ್ಯಾಸನಿಂದ, ತೊರವೆ ರಾಮಾಯಣದಿಂದ, ಲಕ್ಷ್ಮೀಶನ ಜೈಮಿನಿ ಭಾರತದಿಂದ ಬಂತು. ಎಂದರೆ ಗದುಗಿನಿಂದ, ವಿಜಯಪುರದ ಕಡೆಯ ತೊರವೆಯಿಂದ, ಕಡೂರು ಸೀಮೆಯ ದೇವನೂರಿನದೆಂದು ಹೇಳುವ ಕವಿಯಿಂದ. ಸುಧನ್ವನ ಪ್ರಸಂಗ, ತಾಮ್ರಧ್ವಜನ ಪ್ರಸಂಗ ಇವೆಲ್ಲ ಜೈಮಿನಿ ಭಾರತದ ಕಥೆಗಳು. ಆ ಭಾಷೆಯನ್ನು ಕಿವಿಯಿಂದ ಕಲಿಯದೆ ಯಾರಿಗೂ ಗತಿಯಿಲ್ಲ. ಸುಳ್ಯದವರೂ ಹಾಗೆಯೇ ಕಲಿತರು, ನೀವೂ ಹಾಗೆಯೇ ಕಲಿತಿರಿ. ಅದೂ ಅಲ್ಲದೆ ನಿಮ್ಮ ತುಮಕೂರು ಜಿಲ್ಲೆ ಬಯಲುಸೀಮೆಯ ಯಕ್ಷಗಾನವಾದ ಮೂಡಲಪಾಯದ ನೆಲ. ಮುಖವೀಣೆಯ ದನಿಯೊಂದಿಗೆ ರಾತ್ರಿಯಿಡೀ ಕರಿಭಂಟನ ಕಾಳಗ ಆಡಿದ ಊರುಗಳು ನಿಮ್ಮ ಸುತ್ತಲೇ ಇವೆ. ನಿಮ್ಮ ಅಜ್ಜನ ಕಾಲದವರನ್ನು ಒಮ್ಮೆ ಕೇಳಿ ನೋಡಿ. ಭಾಗವತ, ಪದ, ಅರ್ಥ ಎಂಬ ಮಾತುಗಳನ್ನು ಅವರಿಗೆ ನೀವು ವಿವರಿಸಬೇಕಾಗಿ ಬರಲಿಕ್ಕಿಲ್ಲ.

ಈಗ ಇತರರಿಗೆ ತಿಳಿಸುವ ವಿಷಯ. ನಮ್ಮಲ್ಲಿ ಹೆಚ್ಚಿನವರು ಮಾಡುವ ತಪ್ಪು ಪ್ರಕಾರದ ಹೆಸರಿನಿಂದ ಆರಂಭಿಸುವುದು. ‘ನನಗೆ ತಾಳಮದ್ದಳೆ ಇಷ್ಟ’ ಎಂದೊಡನೆ ಎದುರಿನವರು ‘ಹಾಗೆಂದರೇನು’ ಎನ್ನುತ್ತಾರೆ. ನಾವು ಹಿಮ್ಮೇಳ, ಮುಮ್ಮೇಳ, ತೆಂಕುತಿಟ್ಟು, ಬಡಗುತಿಟ್ಟು ಎಂದು ಪಾಠ ಒಪ್ಪಿಸುತ್ತೇವೆ. ಅವರ ಮುಖ ಬಾಡುತ್ತದೆ. ಗೊತ್ತಿಲ್ಲದ ಒಂದು ಹೆಸರನ್ನು ಗೊತ್ತಿಲ್ಲದ ಇನ್ನೂ ನಾಲ್ಕು ಹೆಸರುಗಳಿಂದ ವಿವರಿಸಿದಂತಾಯಿತು. ನಿಮ್ಮ ರುಚಿಯಲ್ಲಿ ಅಪರಿಚಿತವಾದದ್ದು ಪ್ರಕಾರ ಮಾತ್ರ; ಅದರೊಳಗಿನ ಕಥೆಯನ್ನು ನಿಮ್ಮ ಕಚೇರಿಯ ಪ್ರತಿಯೊಬ್ಬರೂ ಬಾಲ್ಯದಿಂದ ಬಲ್ಲರು. ಆದ್ದರಿಂದ ಕಥೆಯ ಕಡೆಯಿಂದ ಬನ್ನಿ. ಅದರಲ್ಲಿಯೂ ಒಂದು ಪ್ರಶ್ನೆಯಿಂದ ಬನ್ನಿ.

ವಾಲಿಯ ವಿಷಯವನ್ನೇ ತೆಗೆದುಕೊಳ್ಳೋಣ, ಏಕೆಂದರೆ ನನ್ನ ಅನುಭವದಲ್ಲಿ ಹೊಸಬರನ್ನು ಇಷ್ಟು ಬೇಗ ಸೆಳೆದ ಪ್ರಸಂಗ ಇನ್ನೊಂದಿಲ್ಲ. ಮರೆಯಿಂದ ಬಂದ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನಗೂ ನನಗೂ ಹಗೆಯಿರಲಿಲ್ಲ, ನಾನು ಇನ್ನೊಬ್ಬನೊಡನೆ ಹೋರಾಡುತ್ತಿದ್ದೆ, ಎದುರಿಗೆ ನಿಲ್ಲದೆ ಹೊಡೆದೆಯೇಕೆ? ಸೀತೆ ಬೇಕಿದ್ದರೆ ನನ್ನನ್ನು ಕೇಳಬಾರದಿತ್ತೆ, ಒಂದೇ ದಿನದಲ್ಲಿ ತಂದುಕೊಡುತ್ತಿದ್ದೆನಲ್ಲ? ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ರಾಮ ಕೊಡುವ ಉತ್ತರಗಳಲ್ಲಿ ಎರಡು ಮುಖ್ಯವಾದವು. ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡ ನಿನ್ನನ್ನು ಭರತನ ಆಜ್ಞೆಯಂತೆ ಧರ್ಮ ಕಾಯುವ ನಾನು ದಂಡಿಸಿದೆ ಎಂಬುದು ಒಂದು. ನೀನು ಮರದ ಮೇಲಿನ ಮೃಗ, ಬೇಟೆಗಾರ ಮೃಗವನ್ನು ಮರೆಯಲ್ಲಿ ನಿಂತು ಹೊಡೆದರೆ ದೋಷವಿಲ್ಲ ಎಂಬುದು ಇನ್ನೊಂದು. ಇಲ್ಲಿ ಒಬ್ಬ ಸಮರ್ಥ ಅರ್ಥಧಾರಿ ವಾಲಿಯಾಗಿ ಕುಳಿತಿದ್ದರೆ ಈ ಎರಡು ಉತ್ತರಗಳನ್ನು ಒಂದರ ಎದುರು ಇನ್ನೊಂದನ್ನು ನಿಲ್ಲಿಸುತ್ತಾನೆ. ನಾನು ಮೃಗವಾದರೆ ತಮ್ಮನ ಹೆಂಡತಿ ಎಂಬ ಮನುಷ್ಯರ ಧರ್ಮಶಾಸ್ತ್ರ ನನಗೆ ಅನ್ವಯಿಸುವುದಿಲ್ಲ. ಅದು ಅನ್ವಯಿಸುವುದಾದರೆ ನಾನು ಮೃಗವಲ್ಲ, ಆಗ ಬೇಟೆಯ ನ್ಯಾಯ ನಡೆಯುವುದಿಲ್ಲ. ಎರಡರಲ್ಲಿ ಒಂದನ್ನು ಹಿಡಿ, ರಾಮಾ! ಮೇಲಾಗಿ ಐದು ಉಗುರುಗಳ ಪ್ರಾಣಿಗಳಲ್ಲಿ ತಿನ್ನಬಹುದಾದವು ಐದೇ ಎಂದು ಶಾಸ್ತ್ರ ಹೇಳುತ್ತದೆ, ಕಪಿ ಅವುಗಳಲ್ಲಿ ಇಲ್ಲ. ಮಾಂಸಕ್ಕೂ ಚರ್ಮಕ್ಕೂ ಬಾರದ ನನ್ನನ್ನು ಬೇಟೆಯಾಡಿ ನಿನಗೇನು ಸಿಕ್ಕಿತು?

ಇದಕ್ಕೆ ರಾಮನ ಅರ್ಥಧಾರಿ ಆ ಕ್ಷಣದಲ್ಲಿ ಮಾತು ಹುಡುಕಬೇಕು. ಒಬ್ಬರು ದಂಡನೆ ಬೇರೆ, ಯುದ್ಧ ಬೇರೆ, ಎದುರು ನಿಲ್ಲಬೇಕೆಂಬ ನಿಯಮ ಯುದ್ಧಕ್ಕೆ ಮಾತ್ರ ಎಂದು ಗೆರೆ ಎಳೆಯುತ್ತಾರೆ. ಇನ್ನೊಬ್ಬರು ಅಗ್ನಿಸಾಕ್ಷಿಯಾಗಿ ಸುಗ್ರೀವನಿಗೆ ಕೊಟ್ಟ ಮಾತನ್ನು ಮುಂದಿಡುತ್ತಾರೆ. ಒಮ್ಮೆ ಹಿರಿಯರೊಬ್ಬರು ರಾಮನಾಗಿ ಬಹಳ ಹೊತ್ತು ಮೌನವಾಗಿದ್ದು, ಹೆಂಡತಿಯನ್ನು ಕಳೆದುಕೊಂಡವನ ನೋವು ಹೆಂಡತಿಯನ್ನು ಕಳೆದುಕೊಂಡ ಸುಗ್ರೀವನಲ್ಲಿ ತನ್ನನ್ನೇ ಕಂಡಿತು ಎಂದು ಮಾತ್ರ ಹೇಳಿದ್ದನ್ನು ನಾನು ಕೇಳಿದ್ದೇನೆ. ವಾಲಿಯಾಗಿದ್ದ ನನಗೆ ಅದರ ಮೇಲೆ ವಾದ ಹೂಡಲು ಮನಸ್ಸೇ ಬರಲಿಲ್ಲ. ಇಷ್ಟೆಲ್ಲ ಆದ ಮೇಲೂ ಕಥೆ ಬದಲಾಗುವಂತಿಲ್ಲ. ವಾಲಿ ಎಷ್ಟೇ ಗೆದ್ದರೂ ಸಾಯಬೇಕು, ಅಂಗದನನ್ನು ಒಪ್ಪಿಸಬೇಕು, ಭಾಗವತರು ಮುಂದಿನ ಪದ ಎತ್ತಿದೊಡನೆ ಮಾತು ಅದಕ್ಕೆ ಮಣಿಯಬೇಕು. ಕೊನೆ ಮೊದಲೇ ಗೊತ್ತಿದ್ದು ದಾರಿ ಮಾತ್ರ ಯಾರಿಗೂ, ಹೇಳುವವರಿಗೂ, ಗೊತ್ತಿಲ್ಲದಿರುವ ಈ ಸ್ಥಿತಿಯೇ ನಿಮ್ಮನ್ನು ಆರು ವರ್ಷ ಹಿಡಿದಿಟ್ಟಿರುವುದು ಎಂದು ನಾನು ಊಹಿಸುತ್ತೇನೆ.

ಆದ್ದರಿಂದ ಕಚೇರಿಯಲ್ಲಿ ಯಾರಾದರೂ ಏನು ಕೇಳುತ್ತಿದ್ದೀರಿ ಎಂದರೆ ಹೀಗೆ ಹೇಳಿ ನೋಡಿ: ‘ರಾಮ ವಾಲಿಯನ್ನು ಮರೆಯಲ್ಲಿ ನಿಂತು ಕೊಂದದ್ದು ಸರಿಯೇ ಎಂದು ಇಬ್ಬರು ರಾಮ–ವಾಲಿಯರೇ ಆಗಿ ಒಂದು ಗಂಟೆಯಿಂದ ವಾದ ಮಾಡುತ್ತಿದ್ದಾರೆ, ಯಾರೂ ಮೊದಲೇ ಬರೆದುಕೊಂಡು ಬಂದಿಲ್ಲ.’ ಅಷ್ಟಕ್ಕೆ ನಿಲ್ಲಿಸಿ. ಹತ್ತು ಜನರಲ್ಲಿ ಏಳು ಜನ ತಲೆಯಾಡಿಸಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಅವರನ್ನು ಹೋಗಲು ಬಿಡಿ. ಒಬ್ಬರಾದರೂ ‘ಅಲ್ಲ, ರಾಮ ಮಾಡಿದ್ದು ಸರಿಯೇ’ ಎಂದೋ ‘ತಪ್ಪೇ’ ಎಂದೋ ಹೇಳುತ್ತಾರೆ. ಅವರು ಆಗಲೇ ಕೂಟದೊಳಗೆ ಕಾಲಿಟ್ಟಾಯಿತು. ಅಂಥವರಿಗೆ ಮೂರು ಗಂಟೆಯ ಧ್ವನಿಮುದ್ರಿಕೆಯ ಕೊಂಡಿ ಕಳಿಸಬೇಡಿ. ಸಂವಾದ ಬಿಸಿಯೇರಿದ ಆರೇಳು ನಿಮಿಷಗಳ ಭಾಗ ಎಲ್ಲಿದೆಯೆಂದು ನಿಮಿಷ, ಸೆಕೆಂಡು ಬರೆದು ಕಳಿಸಿ, ಅದಕ್ಕೆ ಮುಂಚೆ ಏನಾಗಿತ್ತೆಂದು ಎರಡು ಸಾಲು ಸೇರಿಸಿ.

ನಿಮ್ಮನ್ನು ನೋಡಲು ಬಂದ ಹುಡುಗನ ಸಂಗತಿ ಮಾತ್ರ ಬೇರೆ ತೂಕದ್ದು. ದಾರಿಯಲ್ಲಿ ಸಿಕ್ಕವರ ಮುಂದೆ ಸಿನಿಮಾ, ಪ್ರವಾಸ ಎಂದರೆ ಅದು ಸುಳ್ಳೂ ಅಲ್ಲ, ತಪ್ಪೂ ಅಲ್ಲ. ಎಲ್ಲರಿಗೂ ಎಲ್ಲವನ್ನೂ ಹೇಳಬೇಕಾದ ಋಣ ನಮಗಿಲ್ಲ. ಆದರೆ ಮುಂದಿನ ಮೂವತ್ತು ನಲವತ್ತು ವರ್ಷ ಅದೇ ಮನೆಯಲ್ಲಿ ರಾತ್ರಿ ಅಡುಗೆಮನೆ ಒರೆಸುತ್ತ ನೀವು ಕೂಟ ಕೇಳುವಾಗ ಪಕ್ಕದ ಕೋಣೆಯಲ್ಲಿರುವ ಮನುಷ್ಯನಿಗೆ ಅದು ಮೊದಲ ದಿನವೇ ಗೊತ್ತಿರಬೇಕು. ಅವರಿಗೆ ಅದು ಇಷ್ಟವಾಗಬೇಕೆಂದಿಲ್ಲ. ನೀವು ಹೇಳುವಾಗ ಅವರು ಹೇಗೆ ಕೇಳಿಸಿಕೊಳ್ಳುತ್ತಾರೆ, ನಗುತ್ತಾರೆಯೇ, ಮಾತು ಬದಲಿಸುತ್ತಾರೆಯೇ, ಒಂದು ಮರುಪ್ರಶ್ನೆ ಕೇಳುತ್ತಾರೆಯೇ ಎಂಬುದನ್ನು ನೋಡುವ ಅವಕಾಶವನ್ನು ನೀವು ಅಂದು ಬಿಟ್ಟುಕೊಟ್ಟಿರಿ. ಮುಂದಿನ ಬಾರಿ ಬಿಡಬೇಡಿ.

ಜೊತೆ ಹುಡುಕುವುದರ ಬಗ್ಗೆ ನನಗೆ ಹೆಚ್ಚು ಹೇಳುವುದಿದೆ, ಏಕೆಂದರೆ ಇದು ಈ ಕಲೆಯ ಬೇರಿಗೆ ಸಂಬಂಧಿಸಿದ್ದು. ಅರ್ಥಗಾರಿಕೆ ಒಬ್ಬರಿಂದ ಆಗುವ ಕೆಲಸವಲ್ಲ. ಎಂಥ ಪಂಡಿತರೇ ಇರಲಿ, ಇದಿರು ಕುಳಿತವರು ಮಾತನ್ನು ಹಿಡಿಯದಿದ್ದರೆ ಅವರ ಅರ್ಥ ಭಾಷಣವಾಗಿ ಉಳಿದುಬಿಡುತ್ತದೆ. ಶೇಣಿಯವರ ತರ್ಕಕ್ಕೆ ಮಲ್ಪೆ ರಾಮದಾಸ ಸಾಮಗರ ಭಾವ ತುಂಬಿದ ವಾಗ್ವೈಭವ ಇದಿರಾದಾಗ, ಕುಂಬಳೆ ಸುಂದರ ರಾವ್ ಅವರ (ಅವರು ತೀರಿಕೊಂಡದ್ದು 2022ರಲ್ಲಿ) ಪ್ರಾಸದ ಓಟಕ್ಕೆ ಇನ್ನೊಬ್ಬರ ನಿಧಾನ ಇದಿರಾದಾಗ, ಇಬ್ಬರೂ ತಾವೊಬ್ಬರೇ ಆಗಿದ್ದರೆ ಆಡದಿದ್ದ ಮಾತುಗಳನ್ನು ಆಡಿದರು. ಕೇಳುವವರ ಪಾಲೂ ಇದರಲ್ಲಿ ಸಣ್ಣದಲ್ಲ. ಬಹಳ ವರ್ಷಗಳ ಹಿಂದೆ, ಆಷಾಢದ ಒಂದು ರಾತ್ರಿ, ಬೆಳ್ತಂಗಡಿ ತಾಲೂಕಿನ ಒಂದು ಹಳ್ಳಿಯ ದೇವಸ್ಥಾನದ ಚಾವಡಿಯಲ್ಲಿ ನಾನು ಕರ್ಣನ ಅರ್ಥ ಹೇಳುತ್ತಿದ್ದೆ. ಕೃಷ್ಣ ಬಂದು ಜನ್ಮರಹಸ್ಯ ಹೇಳುವ ಸಂದರ್ಭ. ಕರೆಂಟು ಹೋಗಿ ಮೈಕು ನಿಂತಿತ್ತು, ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿತ್ತು, ಕೇಳುವವರು ಇಪ್ಪತ್ತು ಜನರೂ ಇರಲಿಲ್ಲ. ನಾನು ಸೂತಪುತ್ರನ ಅವಮಾನ, ರಾಧೆಯ ಎದೆಹಾಲು, ದುರ್ಯೋಧನನ ಋಣ ಎಲ್ಲವನ್ನೂ ಹೇಳಿ, ಚೆನ್ನಾಗಿ ಹೇಳಿದೆನೆಂದೇ ತಿಳಿದು ಎದ್ದೆ. ಬೆಳಗ್ಗೆ ಹೊರಡುವಾಗ ಬೀಡಿ ಕಟ್ಟುವ ಒಬ್ಬ ಹಿರಿಯ ಹೆಂಗಸು ಕೊಡೆ ಹಿಡಿದು ಕಾದು ನಿಂತಿದ್ದರು. ತುಳುವಿನಲ್ಲಿ ಅವರು ಕೇಳಿದ್ದರ ಸಾರ ಇದು: ‘ಮಾಷ್ಟ್ರೇ, ಹೆತ್ತವಳು ಕುಂತಿ ಎಂದು ಗೊತ್ತಾದ ಮೇಲೂ ಕರ್ಣ ಕೃಷ್ಣನಲ್ಲಿ, ಅವಳು ಈಗ ಹೇಗಿದ್ದಾಳೆ ಎಂದು ಒಂದು ಮಾತು ಕೇಳಲಿಲ್ಲವಲ್ಲ. ಯಾಕೆ?’

ನನ್ನ ಬಳಿ ಉತ್ತರವಿರಲಿಲ್ಲ. ಎಷ್ಟೋ ಪುಸ್ತಕ ಓದಿ, ಎಷ್ಟೋ ಸಲ ಆ ಪಾತ್ರ ಹೇಳಿದ್ದರೂ ಆ ಒಂದು ಮಾತು ನನಗೆ ಹೊಳೆದಿರಲಿಲ್ಲ. ಅದರ ನಂತರ ನಾನು ಹೇಳಿದ ಪ್ರತಿಯೊಂದು ಕರ್ಣನೂ ಕೃಷ್ಣ ಹೊರಟು ನಿಂತಾಗ ಆ ಪ್ರಶ್ನೆಯನ್ನು ಕೇಳಿದ್ದಾನೆ, ಮತ್ತು ಪ್ರತಿಯೊಬ್ಬ ಕೃಷ್ಣನೂ ಒಂದು ಗಳಿಗೆ ತಡವರಿಸಿದ್ದಾನೆ. ಮನೆಯಲ್ಲಿ ತುಳು ಆಡುವ, ತುಳುವಿನಲ್ಲೇ ಪ್ರಶ್ನೆ ಕೇಳಿದ ಆ ಕೇಳುಗರ ಹೆಸರನ್ನು ನಾನು ಅಂದು ಕೇಳಿಕೊಳ್ಳಲಿಲ್ಲವೆಂಬ ಕೊರಗು ನನಗೆ ಇವತ್ತಿಗೂ ಇದೆ.

ನಿಮಗೆ ಬೇಕಾಗಿರುವುದು ನಿಮ್ಮ ರುಚಿಯನ್ನು ಗುರುತಿಸುವ ನೂರು ಜನ ಎಂದು ನೀವು ಬರೆದ ರೀತಿಯಿಂದ ತೋರಿದರೂ, ನಿಜವಾಗಿ ಬೇಕಾಗಿರುವುದು ಹೀಗೆ ಒಂದು ಪ್ರಶ್ನೆ ಕೇಳಬಲ್ಲ ಒಬ್ಬಿಬ್ಬರು. ಬೆಂಗಳೂರಿನಲ್ಲಿ ಅದು ಕಷ್ಟವಿಲ್ಲ. ಕರಾವಳಿ, ಮಲೆನಾಡುಗಳಿಂದ ಬಂದು ನೆಲೆಸಿದವರ ಸಂಘಗಳು, ಕೆಲವು ದೇವಸ್ಥಾನಗಳು ಮಳೆಗಾಲದಲ್ಲಿ ವಾರಾಂತ್ಯಕ್ಕೆ ಕೂಟ ಇಡುತ್ತವೆ. ಪ್ರವೇಶಕ್ಕೆ ದುಡ್ಡು ಕೇಳುವುದು ಅಪರೂಪ. ಮುಂಬೈಯಲ್ಲಿ ಹೋಟೆಲ್ ಕೆಲಸಕ್ಕೆ ಹೋದ ಕನ್ನಡಿಗರು, ತುಳುವರು ಇದೇ ರೀತಿಯಲ್ಲಿ ಯಕ್ಷಗಾನವನ್ನೂ ಕೂಟವನ್ನೂ ತಮ್ಮೊಡನೆ ಕೊಂಡೊಯ್ದರು. ಹೋದಾಗ ಕೊನೆಯ ಸಾಲಿನಲ್ಲಿ ಕುಳಿತು ಮುಗಿದೊಡನೆ ಎದ್ದು ಬರಬೇಡಿ. ಸ್ವಲ್ಪ ಮೊದಲೇ ಹೋಗಿ, ಹಿಮ್ಮೇಳದವರು ಶ್ರುತಿ ಸೇರಿಸುವ ಹೊತ್ತಿಗೆ ಮುಂದೆ ಕುಳಿತುಕೊಳ್ಳಿ. ಮುಗಿದ ಮೇಲೆ ಚಹಾದ ಹೊತ್ತಿನಲ್ಲಿ ಅರ್ಥಧಾರಿಗಳ ಬಳಿ ಹೋಗಿ ಒಂದು ನಿರ್ದಿಷ್ಟ ಮಾತನ್ನು ಹಿಡಿದು ಕೇಳಿ. ‘ಚೆನ್ನಾಗಿತ್ತು’ ಎಂಬ ಮಾತನ್ನು ನಾವು ದಿನಾ ಕೇಳುತ್ತೇವೆ. ‘ನೀವು ಅಲ್ಲಿ ಹಾಗೇಕೆ ಹೇಳಿದಿರಿ’ ಎಂದು ಕೇಳಿದವರನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತೇವೆ. ಅಂಥ ಕಡೆ ಮುಂದಿನ ಸಾಲಿನಲ್ಲಿ ನರೆಗೂದಲಿನ ಗಂಡಸರೇ ಹೆಚ್ಚಾಗಿ ಕಾಣುವುದರಿಂದ ನಿಮಗೆ ಮುಜುಗರವಾಗಬಹುದು. ಆದರೆ ಮಹಿಳೆಯರೇ ಸೇರಿ ನಡೆಸುವ ತಾಳಮದ್ದಳೆ ತಂಡಗಳು ಈಗ ಅನೇಕ ಇವೆ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಮೊದಲ ವೃತ್ತಿಪರ ಮಹಿಳಾ ಭಾಗವತರೆಂದು ಹೆಸರಾದ ಲೀಲಾವತಿ ಬೈಪಾಡಿತ್ತಾಯರು ಎಷ್ಟೋ ವರ್ಷಗಳ ಹಿಂದೆಯೇ ಗಂಡಸರ ಮೇಳಗಳಲ್ಲಿ ಕುಳಿತು ರಾತ್ರಿಯಿಡೀ ಪದ ಹೇಳಿದವರು. ನೀವು ಕುಳಿತ ಕುರ್ಚಿ ಯಾರದ್ದೂ ಕಸಿದುಕೊಂಡದ್ದಲ್ಲ.

ಒಂದು ಎಚ್ಚರಿಕೆಯನ್ನೂ ಹೇಳದೆ ಹೋದರೆ ತಜ್ಞನೆಂಬ ಹೆಸರಿಗೆ ನಾನು ಅನ್ಯಾಯ ಮಾಡಿದಂತೆ. ಯಾರೂ ಗುರುತಿಸದ ಕಲೆಯನ್ನು ಪ್ರೀತಿಸುವವರು ಅದರಲ್ಲಿರುವ ಎಲ್ಲವನ್ನೂ ಸಮರ್ಥಿಸುವ ಅಭ್ಯಾಸಕ್ಕೆ ಬೀಳುತ್ತಾರೆ. ಕೂಟದಲ್ಲಿ ದೋಷಗಳಿವೆ. ಪ್ರಸಂಗಕ್ಕೆ ಬೇಡದ ಪಾಂಡಿತ್ಯವನ್ನು ಸುರಿಯುವವರಿದ್ದಾರೆ. ಪಾತ್ರದ ಜಗಳವನ್ನು ಸ್ವಂತ ಜಗಳ ಮಾಡಿಕೊಂಡು, ರಾಮ–ವಾಲಿಯರ ಬದಲು ಇಬ್ಬರು ಹಟಮಾರಿಗಳು ಕುಳಿತಂತೆ ಮಾಡುವವರಿದ್ದಾರೆ. ಎದುರಿನವರಿಗೆ ಮಾತಿಗೆ ಎಡೆಯನ್ನೇ ಕೊಡದವರಿದ್ದಾರೆ. ಹೆಣ್ಣು ಪಾತ್ರಗಳನ್ನು ಅಗ್ಗದ ನಗೆಗೆ ಬಳಸಿಕೊಂಡದ್ದನ್ನೂ ನಾನು ಕಂಡಿದ್ದೇನೆ. ಕ್ಯಾಸೆಟ್ಟುಗಳ ಕಾಲದಲ್ಲಿ ಒಂದು ಬದಿಗೆ ಮೂವತ್ತೋ ನಲವತ್ತೈದೋ ನಿಮಿಷ ಎಂಬ ಅಳತೆಗೆ ಕೂಟವನ್ನು ಕುಗ್ಗಿಸಿ, ಹರಿತವಾದ ಮಾತುಗಳನ್ನು ಮಾತ್ರ ಪೋಣಿಸಿದ ಧ್ವನಿಮುದ್ರಿಕೆಗಳು ಬಂದವು. ಅವುಗಳಿಂದ ಕಲೆ ಮನೆಮನೆಗೆ ಹೋಯಿತು ನಿಜ, ಜೊತೆಗೆ ಮೌನಕ್ಕೆ, ನಿಧಾನಕ್ಕೆ ಬೆಲೆ ಕಡಿಮೆಯಾಯಿತು. ನಿಮ್ಮ ಆರು ವರ್ಷಗಳ ಕೇಳ್ಮೆ ಹೆಚ್ಚಾಗಿ ಧ್ವನಿಮುದ್ರಿಕೆಗಳದ್ದು. ಆದ್ದರಿಂದ ಒಂದೇ ಪ್ರಸಂಗವನ್ನು ಬೇರೆ ಬೇರೆ ಜೋಡಿಗಳಲ್ಲಿ ಕೇಳಿ, ಪದಗಳ ಪಠ್ಯವನ್ನು ಎದುರಿಗಿಟ್ಟುಕೊಳ್ಳಿ (ಬಹಳಷ್ಟು ಪ್ರಸಂಗಗಳನ್ನು ಉತ್ಸಾಹಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವಂತೆ ಮಾಡಿದ್ದಾರೆ), ಯಾವ ಮಾತು ಪದದಿಂದ ಹುಟ್ಟಿತು, ಯಾವುದು ಹೊರಗಿನಿಂದ ಬಂದು ಕುಳಿತಿತು ಎಂದು ಗುರುತು ಹಾಕಿ. ಹೀಗೆ ಆರಿಸಿ ಕೇಳುವುದು ಬಂದಂತೆಲ್ಲ, ನಿಮ್ಮ ಅಕ್ಕಪಕ್ಕದವರು ಧಾರಾವಾಹಿಯನ್ನೋ ಕ್ರಿಕೆಟ್ಟನ್ನೋ ಎಷ್ಟು ಸೂಕ್ಷ್ಮವಾಗಿ ನೋಡುತ್ತಾರೆಂಬುದೂ ನಿಮಗೆ ಕಾಣತೊಡಗುತ್ತದೆ. ಅವರಿಗೆ ಕೂಟ ಗೊತ್ತಿಲ್ಲವೆಂದು ಅವರ ರುಚಿಯನ್ನು ಕೀಳೆಂದು ಎಣಿಸುವ ಒಂದು ಹೆಜ್ಜೆಯನ್ನು ಇಡಬೇಡಿ; ನಮ್ಮ ಕಡೆಯ ಎಷ್ಟೋ ಒಳ್ಳೆಯ ಕೇಳುಗರು ಆ ಹೆಜ್ಜೆ ಇಟ್ಟು ಒಂಟಿಯಾದದ್ದನ್ನು ಕಂಡಿದ್ದೇನೆ.

ಉಳಿದದ್ದು ನಿಮ್ಮ ತಾಯಿಯವರ ಮಾತು. ‘ಹರಿಕಥೆಯೇ?’ ಎಂದು ಅವರು ಕೇಳಿದ್ದು ಅಜ್ಞಾನದಿಂದಲ್ಲ. ತಮಗೆ ಗೊತ್ತಿರುವುದರಲ್ಲಿ ಇದಕ್ಕೆ ಅತ್ಯಂತ ಹತ್ತಿರದ್ದನ್ನು ಹುಡುಕಿ, ಅದರ ಪಕ್ಕ ಇಟ್ಟು ನೋಡಿದ್ದಾರೆ. ಹುಡುಕಿದ್ದೂ ಸರಿಯಾದ ಕಡೆಯಲ್ಲಿಯೇ, ಏಕೆಂದರೆ ಶೇಣಿಯವರಂಥವರು ಸ್ವತಃ ಒಳ್ಳೆಯ ಹರಿದಾಸರೂ ಆಗಿದ್ದರು. ‘ಹರಿಕಥೆಯಲ್ಲಿ ಎಲ್ಲ ಪಾತ್ರವನ್ನೂ ದಾಸರೊಬ್ಬರೇ ಆಡುತ್ತಾರಲ್ಲ ಅಮ್ಮ, ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾತ್ರ’ ಎಂದರೆ ಅವರಿಗೆ ಅರ್ಧ ತಿಳಿದುಹೋಗುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಕಿವಿಯಿಂದ ಇಯರ್‌ಫೋನ್ ತೆಗೆದು, ಅವರು ಹೂವು ಕಟ್ಟುವಾಗಲೋ ಅವರೆಕಾಯಿ ಬಿಡಿಸುವಾಗಲೋ ಕೃಷ್ಣ–ಕರ್ಣರ ಸಂವಾದವನ್ನು ಫೋನಿನಲ್ಲಿ ಜೋರಾಗಿ ಹಾಕಿ, ನೀವೂ ಅವರೊಡನೆ ಕಾಯಿ ಬಿಡಿಸುತ್ತ ಕುಳಿತುಕೊಳ್ಳಿ. ವಿವರಣೆ ಬೇಡ. ಅವರು ನಡುವೆ ಏನಾದರೂ ಕೇಳಿದರೆ ಅದನ್ನು ಅವರು ಹೇಳಿದ ಮಾತಿನಲ್ಲಿಯೇ ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ನನಗೂ ಕಳಿಸಿ. ಈ ಆಷಾಢದಲ್ಲಿ ಒಂದು ಕಡೆ ಕರ್ಣನ ಅರ್ಥ ಹೇಳಲು ಒಪ್ಪಿಕೊಂಡಿದ್ದೇನೆ.